ಕಿತ್ತು ಬಂದ ಹಲ್ಲು: ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು?

ಸೈಕಲ್‌ನಿಂದ ಬಿದ್ದೋ ಕ್ರಿಕೆಟ್ ಚೆಂಡು ಬಡಿದೋ ಮಗುವಿನ ಮುಂದಿನ ಹಲ್ಲು ಬೇರುಸಮೇತ ಕಿತ್ತು ಬಂದಾಗ, ಗಾಬರಿಯಲ್ಲಿ ಹಲ್ಲನ್ನು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು ಓಡುವವರಿದ್ದಾರೆ. ಹಲ್ಲನ್ನು ಹುಡುಕಿ, ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಕಾಗದದಲ್ಲಿ ಸುತ್ತಿ ತರುವವರೂ ಇದ್ದಾರೆ. ಎರಡರಲ್ಲೂ ಆ ಹಲ್ಲು ಮತ್ತೆ ಬೇರೂರುವ ಅವಕಾಶ ಕೈತಪ್ಪುತ್ತದೆ.

ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಕಟ್ಟಿ ಹಿಡಿದಿರುವುದು ಒಂದು ತೆಳುವಾದ ಪೊರೆ. ಹಲ್ಲು ಕಿತ್ತಾಗ ಅದರ ಅರ್ಧ ಭಾಗ ಬೇರಿಗೇ ಅಂಟಿಕೊಂಡು ಬರುತ್ತದೆ, ಜೀವಂತವಾಗಿ. ತಿಕ್ಕಿದರೆ ಅದು ಕಿತ್ತುಹೋಗುತ್ತದೆ. ಗಾಳಿಗೆ ಬಿಟ್ಟರೆ ಒಣಗುತ್ತದೆ. ಸುಮಾರು 60 ನಿಮಿಷ ಒಣಗಿದರೆ ಅದರ ಜೀವಕೋಶಗಳು ಉಳಿಯುವುದಿಲ್ಲ. ಅಂಥ ಹಲ್ಲನ್ನೂ ವೈದ್ಯರು ಕೂರಿಸಬಲ್ಲರು. ಆದರೆ ಮುಂದೆ ಅದು ಮೂಳೆಗೆ ಬೆಸೆದುಕೊಂಡು, ಬೇರು ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗುವ ಸಂಭವ ಹೆಚ್ಚು.

ಹಲ್ಲಿಗಿಂತ ಮೊದಲು ಮಗುವನ್ನು ನೋಡಿ. ಪ್ರಜ್ಞೆ ತಪ್ಪಿತ್ತೇ, ವಾಂತಿ ಮಾಡಿಕೊಂಡಿತೇ, ಮಂಕಾಗಿದೆಯೇ? ಹಾಗಿದ್ದರೆ ನೇರ ಆಸ್ಪತ್ರೆಗೆ. ಹಲ್ಲು ಎಲ್ಲಿಯೂ ಸಿಗದೆ ಮಗು ಕೆಮ್ಮುತ್ತಿದ್ದರೆ ಅದು ಶ್ವಾಸನಾಳಕ್ಕೆ ಇಳಿದಿರಬಹುದು, ಆಗಲೂ ಅಷ್ಟೇ.

ಹಾಲುಹಲ್ಲೋ, ಶಾಶ್ವತ ಹಲ್ಲೋ?

ಕೆಳಗಿನ ಮುಂದಿನ ಎರಡು ಶಾಶ್ವತ ಹಲ್ಲು ಸಾಮಾನ್ಯವಾಗಿ 6–7ನೇ ವಯಸ್ಸಿಗೆ, ಮೇಲಿನವು 7–8ಕ್ಕೆ ಬರುತ್ತವೆ. ಹೊಸ ಹಲ್ಲು ಅಗಲವಾಗಿ, ತುಸು ಹಳದಿಯಾಗಿ, ಅಂಚಿನಲ್ಲಿ ಗರಗಸದಂತೆ ಏರಿಳಿತವಾಗಿರುತ್ತದೆ. ಹಾಲುಹಲ್ಲು ಚಿಕ್ಕದು, ಹಾಲಿನಷ್ಟೇ ಬಿಳಿ. ಹಾಲುಹಲ್ಲು ಕಿತ್ತು ಬಂದರೆ ಮತ್ತೆ ಕೂರಿಸಲೇಬಾರದು; ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ. ಉದುರಿದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ನಮ್ಮ ಹಳೆಯ ರೂಢಿ ಅದಕ್ಕೇ ಮೀಸಲಿರಲಿ. ಗುರುತು ಹತ್ತದಿದ್ದರೆ ಕೂರಿಸುವ ಪ್ರಯತ್ನ ಬೇಡ, ಹಾಲಿನಲ್ಲಿಟ್ಟು ತನ್ನಿ.

ಶಾಶ್ವತ ಹಲ್ಲಾದರೆ

ಬಾಯಲ್ಲಿ ಕಾಣುವ ಬಿಳಿ ಭಾಗವನ್ನಷ್ಟೇ ಹಿಡಿದು ಎತ್ತಿ, ಬೇರನ್ನು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಅದ್ದಿ ಅಲುಗಿಸಿ. ಎರಡೂ ಇಲ್ಲದಿದ್ದರೆ ತಣ್ಣೀರಿನ ಸಣ್ಣ ಧಾರೆಯಲ್ಲಿ 10 ಸೆಕೆಂಡ್ ಹಿಡಿದರೆ ಸಾಕು. ಸೋಪು, ಬ್ರಷ್, ಅರಿಶಿನ ಬೇಡ.

ಮಗು ಸಹಕರಿಸಿದರೆ ಆಗಲೇ ಹಲ್ಲನ್ನು ಅದರ ಕುಳಿಗೆ ಕೂರಿಸಿ. ಉಬ್ಬಿದ ಮೈ ತುಟಿಯ ಕಡೆಗಿರಲಿ. ಪಕ್ಕದ ಹಲ್ಲಿನ ಮಟ್ಟಕ್ಕೆ ಬರುವವರೆಗೆ ಬೆರಳಿನಿಂದ ಮೆಲ್ಲಗೆ ಒತ್ತಿ, ಮಡಿಸಿದ ಶುಭ್ರ ಕರವಸ್ತ್ರ ಕಚ್ಚಿಸಿ, ದಂತವೈದ್ಯರಲ್ಲಿಗೆ ಹೊರಡಿ. ಇದಕ್ಕೆ ಕೈ ನಡುಗುವುದು ಸಹಜ. ಆದರೂ ಸ್ಥಳದಲ್ಲೇ ಕೂರಿಸಿದ ಹಲ್ಲಿನಷ್ಟು ಚೆನ್ನಾಗಿ ಬೇರೆ ಯಾವುದೂ ಉಳಿಯುವುದಿಲ್ಲ.

ಆಗದಿದ್ದರೆ ಹಾಲು. ಅಂಗಡಿಯಲ್ಲಿ ಸಿಗುವ ತಣ್ಣನೆಯ ಪ್ಯಾಕೆಟ್ ಹಾಲನ್ನು ಮುಚ್ಚಳವಿರುವ ಡಬ್ಬಿಗೆ ಸುರಿದು ಹಲ್ಲು ಪೂರ್ತಿ ಮುಳುಗಿಸಿ. ಬಿಸಿ ಹಾಲು, ಸಕ್ಕರೆ ಹಾಕಿದ ಹಾಲು ಬೇಡ. ಮೊಸರು, ಮಜ್ಜಿಗೆಯೂ ಬೇಡ, ಹುಳಿ ಆ ಜೀವಕೋಶಗಳಿಗೆ ಆಗದು. ಎಳನೀರೂ ತುಸು ಆಮ್ಲೀಯವೇ. ಹಾಲು ಸಿಗುವಾಗ ಅದರ ಗೋಜಿಗೆ ಹೋಗಬೇಡಿ. ಏನೂ ಸಿಗದಿದ್ದರೆ ಮಗುವಿನ ಉಗುಳನ್ನೇ ಲೋಟದಲ್ಲಿ ಹಿಡಿದು ಅದರಲ್ಲಿಡಿ. ನೀರಿನಲ್ಲಿ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಹಾಗಾಗಿ ನೀರು ಕೊನೆಯ ಆಯ್ಕೆ. ಒಣಗಲು ಬಿಡುವುದಕ್ಕಿಂತ ವಾಸಿ ಅಷ್ಟೆ.

ವೈದ್ಯರು ಅಕ್ಕಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಂಟಿಸಿ ಸುಮಾರು 2 ವಾರ ಬಿಡುತ್ತಾರೆ. ಬೇರು ಪೂರ್ತಿ ಬೆಳೆದ ಹಲ್ಲಾದರೆ ಅಷ್ಟರೊಳಗೆ ರೂಟ್ ಕೆನಾಲ್ ಶುರುವಾಗಬೇಕು. ನೋವಿಲ್ಲವೆಂದು ಇದನ್ನು ಮುಂದೂಡಬೇಡಿ. ಟೆಟನಸ್ ಲಸಿಕೆ ಯಾವಾಗ ಹಾಕಿಸಿದ್ದೆಂದು ತಿಳಿಸಿ. ಆ 2 ವಾರ ಮೆತ್ತಗಿನ ಅನ್ನ, ಗಂಜಿ, ಇಡ್ಲಿ ಕೊಡಿ, ಮೃದು ಬ್ರಷ್‌ನಿಂದ ಹಲ್ಲುಜ್ಜಿಸಿ.

ಉಳಿದ ಪೆಟ್ಟುಗಳು

ಹಲ್ಲು ಮುರಿದಿದ್ದರೆ ಚೂರನ್ನು ನೀರಿನಲ್ಲೋ ಹಾಲಿನಲ್ಲೋ ಹಾಕಿ ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಮುರಿದ ಜಾಗದಲ್ಲಿ ಗುಲಾಬಿ ಚುಕ್ಕೆ ಕಂಡರೆ ಒಳಗಿನ ನರ ತೆರೆದಿದೆ, ಅಂದೇ ತೋರಿಸಿ. ಒಸಡಿನೊಳಗೆ ಹುದುಗಿದ ಹಲ್ಲನ್ನು ಎಳೆಯಬೇಡಿ. ತುಟಿ, ನಾಲಿಗೆಯ ರಕ್ತಕ್ಕೆ ಶುಭ್ರ ಬಟ್ಟೆಯನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಕಟ್ಟಿದ ರಕ್ತ ಮತ್ತೆ ಕಿತ್ತುಬರುತ್ತದೆ.

ಹುಳುಕು ಹಲ್ಲಿನ ನೋವಿಗೆ ಮಗುವಿನ ತೂಕ ನೋಡಿ ಪ್ಯಾರಾಸಿಟಮಾಲ್ ಕೊಡಿ: ಒಂದು ಸಲಕ್ಕೆ ಪ್ರತಿ ಕಿಲೋಗೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಲವಂಗದೆಣ್ಣೆ ಎಳೆಯ ಒಸಡನ್ನು ಸುಡುತ್ತದೆ. ಕೆನ್ನೆ ಊದಿದ್ದರೆ ಬಿಸಿ ಶಾಖ ಬೇಡ. ಊತ ಕಣ್ಣಿನವರೆಗೆ ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಮೊದಲೇ ತಡೆಯಲು

ಹುಳುಕು ಹೆಚ್ಚಾಗಿ ಶುರುವಾಗುವುದು ರಾತ್ರಿ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದನ್ನು ಬಿಡಿಸಿ, ಮಲಗುವ ಮುನ್ನ ನೀವೇ ಹಲ್ಲುಜ್ಜಿ. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ 6ರವರೆಗೆ ಬಟಾಣಿಕಾಳಿನಷ್ಟು. ಮೇಲಿನ ಹಲ್ಲು ಮುಂದೆ ಚಾಚಿರುವ ಮಕ್ಕಳಿಗೆ ಪೆಟ್ಟಿನ ಅಪಾಯ ಹೆಚ್ಚು. ಹಾಕಿ, ಸ್ಕೇಟಿಂಗ್, ಕರಾಟೆಗೆ ಮೌತ್ ಗಾರ್ಡ್ ಹಾಕಿಸಿ. 6ನೇ ವಯಸ್ಸಿನ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ ಹಿಂದೆ ಸದ್ದಿಲ್ಲದೆ ಮೂಡುವ ದವಡೆ ಹಲ್ಲು ಶಾಶ್ವತದ್ದು. ಹಾಲುಹಲ್ಲೆಂದು ಉದಾಸೀನ ಮಾಡದೆ ಅದರ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿಸಿ.