ಶಾಲೆಯ ಸಿಸ್ಟರ್‌ಗಳೇ, ಅನುಮಾನ ಬಂದರೆ ಡಾಕ್ಟರ್ ಹತ್ತಿರ ಕಳಿಸಿ

ದಾವಣಗೆರೆ ಜಿಲ್ಲೆಯ ವಸತಿ ಶಾಲೆಗಳಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳಿಗೆ, ಅಂದರೆ ನರ್ಸ್‌ಗಳಿಗೆ, ಒಂದು ಮಾತು. ಮಗುವಿಗೆ ಏನೋ ಸರಿ ಇಲ್ಲ ಅನ್ನಿಸಿದರೆ ಡಾಕ್ಟರ್ ಹತ್ತಿರ ಕಳಿಸಲು ಹಿಂದೆಮುಂದೆ ನೋಡಬೇಡಿ. ಥರ್ಮಾಮೀಟರ್ ನಾರ್ಮಲ್ ತೋರಿಸಿದರೂ ಅಷ್ಟೇ. ದಿನಾ ಆ ಮಗುವನ್ನು ನೋಡುವವರು ನೀವು. ನಿನ್ನೆವರೆಗೆ ಖೋಖೋ ಆಡುತ್ತಿದ್ದ ಹುಡುಗಿ ಇವತ್ತು ಜಗಲಿ ಮೇಲೆ ಸುಮ್ನೆ ಕೂತಿದ್ದರೆ ಅದು ಮೊದಲು ನಿಮ್ಮ ಕಣ್ಣಿಗೇ ಬೀಳುತ್ತದೆ.

ಡೆಂಗಿಯಲ್ಲಂತೂ ಇದು ತುಂಬಾ ಮುಖ್ಯ. ಜ್ವರ ಬಿಟ್ಟಿತು ಅಂತ ಎಲ್ಲರೂ ನಿರಾಳವಾಗುವ ಹೊತ್ತಿಗೇ ಅಪಾಯ ಶುರುವಾಗಬಹುದು. ಜಾಸ್ತಿ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಲ್ಲಿ ರಕ್ತ, ವಿಪರೀತ ಸುಸ್ತು. ಇದರಲ್ಲಿ ಒಂದಿದ್ದರೂ ಸಂಜೆವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ದೂರ, ರಾತ್ರಿಯಾದರೆ ಇನ್ನೂ ಕಷ್ಟ.

ಮಗುವಿನ ಜೊತೆ ಡಾಕ್ಟರ್‌ಗೆ ಕಳಿಸುವ ಚೀಟಿಯಲ್ಲಿ ರೋಗದ ಹೆಸರು ಬರೆಯಬೇಕಿಲ್ಲ, ಅದು ಡಾಕ್ಟರ್ ಕೆಲಸ. ಕಂಡದ್ದನ್ನು ಬರೆಯಿರಿ. ಬರೀ "ಸುಸ್ತು" ಅಂದರೆ ಸಾಲದು. "ಒಂದು ವಾರದಿಂದ ಅರ್ಧ ಊಟ, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದೆ, ಮೆಟ್ಟಿಲು ಹತ್ತಿದರೆ ಏದುಸಿರು" ಅಂತಿದ್ದರೆ ಹಿಮೋಗ್ಲೋಬಿನ್ ನೋಡಬೇಕು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ. ಒಂದು ಪ್ರತಿ ನಿಮ್ಮ ರಿಜಿಸ್ಟರಿನಲ್ಲಿರಲಿ.

ತುರ್ತಲ್ಲದ ಕಣ್ಣು, ಕಿವಿ, ಹಲ್ಲಿನ ತೊಂದರೆಗಳನ್ನು ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಬಂದಾಗ ತೋರಿಸಿ. 18 ವರ್ಷದವರೆಗಿನ ಮಕ್ಕಳನ್ನು ಅವರು ಉಚಿತವಾಗಿ ನೋಡುತ್ತಾರೆ.

"ಏನೂ ಇರ್ಲಿಲ್ಲ, ಯಾಕೆ ಕಳಿಸಿದ್ರಿ?" ಅಂತ ಯಾರಾದರೂ ಕೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಏನೂ ಇಲ್ಲ ಅಂತ ಗೊತ್ತಾಗಿದ್ದು ಒಳ್ಳೇದೇ ಅಲ್ವಾ? ವಾಪಸ್ ಬಂದ ಮೇಲೂ ಮಗು ಹಾಗೇ ಇದ್ದರೆ ಇನ್ನೊಮ್ಮೆ ಕಳಿಸಿ.