ಫೈನಾನ್ಸ್ ಅಂತ ಹೆಸರಿದ್ದ ಕೋರ್ಸೇ ಕೈಕೊಟ್ಟಿತು

ಬಿಎಸ್‌ಸಿ ಎರಡನೇ ವರ್ಷದಲ್ಲಿ ಕ್ವಾಂಟ್ ಫೈನಾನ್ಸ್ (ಮಾರುಕಟ್ಟೆಯ ಬೆಲೆ, ಅಪಾಯಗಳನ್ನು ಗಣಿತದಿಂದ ಲೆಕ್ಕ ಹಾಕೋದು) ಹುಚ್ಚು ಹಿಡಿಯಿತು. ಎಲೆಕ್ಟಿವ್ ಪಟ್ಟಿಯಲ್ಲಿ ‘ಫೈನಾನ್ಶಿಯಲ್ ಮ್ಯಾಥಮ್ಯಾಟಿಕ್ಸ್’ ಅಂತ ಕಂಡಿದ್ದೇ ತಡ, ಹಿಂದೆಮುಂದೆ ನೋಡದೆ ಸೇರಿದೆ. ಇಡೀ ಸೆಮಿಸ್ಟರ್ ಚಕ್ರಬಡ್ಡಿ, ಸಾಲದ ಕಂತು, ಪಿಂಚಣಿ ಥರ ಕಂತುಕಂತಾಗಿ ಬರುವ ಆನ್ಯುಟಿ. ಎಫ್‌ಡಿ ಇಟ್ಟು ಇಟ್ಟು ಪಳಗಿದ ನಮ್ಮಪ್ಪನಿಗೆ ಅದರಲ್ಲಿ ಅರ್ಧ ಬಾಯಲ್ಲೇ ಬರುತ್ತಿತ್ತು. ಮಾರ್ಕ್ಸ್ ಬಂತು, ಅಷ್ಟೇ.

ಆ ರಜೆಯಲ್ಲಿ ಮುಂಬೈನ ಬ್ಯಾಂಕೊಂದರಲ್ಲಿ ಆಪ್ಷನ್‌ಗಳಿಗೆ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಬೆಲೆ ಕಟ್ಟುವ ಕೆಲಸದಲ್ಲಿದ್ದ ಸೀನಿಯರ್ ಅಕ್ಕ ಸಿಕ್ಕರು. ನನ್ನ ಪಟ್ಟಿ ನೋಡಿ ನಕ್ಕರು. “ಫೈನಾನ್ಸ್ ಅಲ್ಲಿ ಅವರೇ ಕಲಿಸ್ತಾರೆ ಕಣೋ. ಮ್ಯಾಥ್ಸ್ ಕಲಿಸೋಕೆ ಅವರಿಗೆ ಟೈಮ್ ಇರಲ್ಲ. ಅದನ್ನ ಇಲ್ಲೇ ಕಲ್ತ್ಕೊಂಡು ಹೋಗು.” ಮನೆಗೆ ಬಂದು ನಾಲ್ಕೈದು ಮಾಸ್ಟರ್ಸ್ ಕೋರ್ಸ್‌ಗಳ ಅರ್ಹತೆ ಓದಿದೆ. ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಶಿಯಲ್ ಈಕ್ವೇಶನ್, ಪ್ರಾಬಬಿಲಿಟಿ, ಪ್ರೋಗ್ರಾಮಿಂಗ್. ಫೈನಾನ್ಸ್ ಓದಿರಲೇಬೇಕು ಅಂತ ನಾನು ನೋಡಿದ ಯಾವುದರಲ್ಲೂ ಇರಲಿಲ್ಲ.

ಮುಂದಿನ ಸಲ ಗೆಳೆಯರೆಲ್ಲ ಸ್ಕೋರ್ ಮಾಡಬಹುದು ಅಂತ ಗ್ರಾಫ್ ಥಿಯರಿ ತಗೊಂಡರು. ನಾನು ಪ್ರಾಬಬಿಲಿಟಿ ತಗೊಂಡೆ, ಜೊತೆಗೆ ಕ್ಯಾಲ್ಕುಲಸ್‌ನ ಒಂದೊಂದು ಹೆಜ್ಜೆಯನ್ನೂ ಸಾಬೀತು ಮಾಡಿಸುವ ರಿಯಲ್ ಅನಾಲಿಸಿಸ್‌ನ ಎರಡನೇ ಪೇಪರ್. ಅದರ ಎಪ್ಸಿಲಾನ್-ಡೆಲ್ಟಾ ಪ್ರೂಫ್‌ಗಳನ್ನು ಬರೆಯುತ್ತಾ, ಷೇರು ಬೆಲೆಗೂ ಇದಕ್ಕೂ ಏನಪ್ಪಾ ಸಂಬಂಧ ಅಂತ ಎಷ್ಟು ಸಲ ಬೈದುಕೊಂಡಿದ್ದೇನೋ.

ಸಂಬಂಧ ಗೊತ್ತಾಗಿದ್ದು ಬ್ರೌನಿಯನ್ ಮೋಷನ್, ಅಂದರೆ ಕ್ಷಣಕ್ಷಣಕ್ಕೂ ಎತ್ತಂದರತ್ತ ಅಲೆಯುವ ಚಲನೆಯ ಗಣಿತ ಓದುವಾಗ. ಒಂದು ದಿನವನ್ನು 100 ತುಂಡು ಮಾಡಿ. ಬೆಲೆ ನೇರ ಗೆರೆಯ ಹಾಗೆ 0ಯಿಂದ 1ಕ್ಕೆ ಏರಿದರೆ ಒಂದೊಂದು ಹೆಜ್ಜೆ 0.01. ಹೆಜ್ಜೆಗಳ ವರ್ಗ ಮಾಡಿ ಕೂಡಿಸಿದರೆ 0.01. ತುಂಡು ಜಾಸ್ತಿ ಮಾಡಿದಷ್ಟೂ ಅದು ಸೊನ್ನೆಯ ಕಡೆ ಇಳಿಯುತ್ತದೆ. ಈಗ ನಾಣ್ಯ ಚಿಮ್ಮಿ. ಹೆಡ್ ಬಿದ್ದರೆ 0.1 ಮೇಲೆ, ಟೇಲ್ ಬಿದ್ದರೆ 0.1 ಕೆಳಗೆ. ಮೇಲೋ ಕೆಳಗೋ, ವರ್ಗ ಮಾತ್ರ 0.01. ನೂರು ಹೆಜ್ಜೆಗೆ 1 ಆಯಿತು. 10,000 ತುಂಡು ಮಾಡಿ 0.01ರ ಹೆಜ್ಜೆ ಇಟ್ಟರೂ 1! ಪಿಯುಸಿಯಲ್ಲಿ ‘ತೀರಾ ಚಿಕ್ಕದು, ಬಿಡಿ’ ಅಂತ ಮೇಷ್ಟ್ರು ಹೊಡೆದುಹಾಕುತ್ತಿದ್ದ ವರ್ಗದ ಪದ ಇಲ್ಲಿ ಹೋಗುವುದೇ ಇಲ್ಲ. ಹೀಗೆ ಅಲೆಯುವ ಬೆಲೆಗಳ ಕ್ಯಾಲ್ಕುಲಸ್‌ಗೆ ಬಳಸುವ ಇಟೋ ಸೂತ್ರದಲ್ಲಿ ಬರುವ ಹೆಚ್ಚುವರಿ ಪದ ಅದೇ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಅನುಮಾನ ಪಡುವುದನ್ನು ನನಗೆ ಕಲಿಸಿದ್ದು ಅನಾಲಿಸಿಸ್.

ಪಿಡಿಇ (ಪಾರ್ಶಿಯಲ್ ಡಿಫರೆನ್ಶಿಯಲ್ ಈಕ್ವೇಶನ್) ಕಡ್ಡಾಯ ಇತ್ತು ಅಂತ ಓದಿದ್ದು. ಕಬ್ಬಿಣದ ಸರಳಿನಲ್ಲಿ ಬಿಸಿ ಹೇಗೆ ಹರಡುತ್ತದೆ ಅನ್ನೋ ಲೆಕ್ಕವನ್ನು ಸುಮ್ನೆ ಉರು ಹೊಡೆದಿದ್ದೆ. ಆಪ್ಷನ್ ಬೆಲೆ ಲೆಕ್ಕ ಹಾಕುವ 1973ರ ಬ್ಲ್ಯಾಕ್-ಶೋಲ್ಸ್ ಸಮೀಕರಣದಲ್ಲಿ ಚರಗಳನ್ನು ಬದಲಿಸುತ್ತಾ ಹೋದರೆ ಕೊನೆಗೆ ಸಿಗುವುದು ಅದೇ ಶಾಖದ ಸಮೀಕರಣ. ಒಂದೇ ತಮಾಷೆ, ಇಲ್ಲಿ ಲೆಕ್ಕ ಆಪ್ಷನ್ ಮುಗಿಯುವ ಎಕ್ಸ್‌ಪೈರಿ ದಿನದಿಂದ ಹಿಂದಕ್ಕೆ ನಡೆಯುತ್ತದೆ.

ಲೀನಿಯರ್ ಆಲ್ಜೀಬ್ರಾ ಬಗ್ಗೆ ಜಂಬ ಇತ್ತು, ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ತನ್ನ ವಿಶೇಷ ದಿಕ್ಕುಗಳಲ್ಲಿ ಎಷ್ಟು ಹಿಗ್ಗಿಸುತ್ತದೆ ಅನ್ನೋ ಸಂಖ್ಯೆ) ಅಂದ್ರೆ ಕೈಲೇ ಲೆಕ್ಕ ಹಾಕುತ್ತಿದ್ದೆ. ಮಾಸ್ಟರ್ಸ್‌ನಲ್ಲಿ ಮೂರು ಷೇರುಗಳ ಸಿಮ್ಯುಲೇಶನ್‌ಗೆ ಕೋರಿಲೇಶನ್‌ಗಳನ್ನು (ಜೊತೆಗೇ ಏರಿಳಿದರೆ 1ರ ಹತ್ತಿರ, ಎದುರುಬದುರಾದರೆ -1ರ ಹತ್ತಿರ) ನಾನೇ ಊಹಿಸಿ ತುಂಬಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ 0.9, ಎರಡನೆಯದಕ್ಕೂ ಮೂರನೆಯದಕ್ಕೂ 0.9, ಮೊದಲನೆಯದಕ್ಕೂ ಮೂರನೆಯದಕ್ಕೂ -0.9. ಆ ಮ್ಯಾಟ್ರಿಕ್ಸನ್ನು ಒಡೆದು ಕೊಡುವ ಚೊಲೆಸ್ಕಿ ವಿಧಾನ ಎರರ್ ಕೊಟ್ಟಿತು. ಒಂದು ಗಂಟೆ ಕೋಡ್ ತಡಕಾಡಿದ ಮೇಲೆ ಹೊಳೆಯಿತು, ತಪ್ಪು ಕೋಡ್‌ನಲ್ಲಿಲ್ಲ. ಇಬ್ಬರೂ ನಡುವಿನವನ ಜೊತೆಗೇ ನಡೆಯುತ್ತಿದ್ದರೆ ಒಬ್ಬರಿಗೊಬ್ಬರು ಎದುರು ದಿಕ್ಕಿಗೆ ಹೋಗೋಕೆ ಹೇಗಾಗುತ್ತದೆ, ಅಲ್ವಾ? ಒಂದು ಐಗನ್‌ವ್ಯಾಲ್ಯೂ ಮೈನಸ್ ಆಗಿತ್ತು, ನಿಜವಾದ ಕೋರಿಲೇಶನ್‌ಗಳಲ್ಲಿ ಅದು ಆಗುವಂತಿಲ್ಲ.

ಟೋಪಾಲಜಿ ನನಗೆ ತುಂಬಾ ಇಷ್ಟವಾದ ಪೇಪರ್. ಇಲ್ಲಿಯವರೆಗೆ ನೇರವಾಗಿ ಎಲ್ಲೂ ಉಪಯೋಗಕ್ಕೆ ಬಂದಿಲ್ಲ. ಓದಿದ್ದಕ್ಕೆ ಬೇಜಾರಂತೂ ಇಲ್ಲ.

ಬೇಜಾರಿರುವುದು ಟೈಮ್ ಸೀರೀಸ್ (ದಿನದಿನದ ಬೆಲೆಯಂಥ, ಕಾಲಕ್ರಮದಲ್ಲಿ ಬರುವ ಅಂಕಿಗಳ ಅಧ್ಯಯನ) ಬಿಟ್ಟಿದ್ದಕ್ಕೆ. ಆ ಕ್ಲಾಸ್ ಬೆಳಿಗ್ಗೆ ಎಂಟಕ್ಕಿತ್ತು, ಏಳೋಕೆ ಸೋಮಾರಿತನ. ಮಾಸ್ಟರ್ಸ್‌ನ ಮೊದಲ ಅಸೈನ್‌ಮೆಂಟೇ ಅದರ ಮೇಲೆ ಬಂತು. ಮೂರು ರಾತ್ರಿ ನಿದ್ದೆ ಇಲ್ಲ.