ಜರ್ಮನಿಗೆ ಓದಲು ಹೊರಟಿದ್ದೀರಾ? ಇದನ್ನೂ ತಿಳಿದುಕೊಂಡು ಹೋಗಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಎಂ.ಎಸ್. ಮಾಡಲು ಜರ್ಮನಿಗೆ ಹೊರಡುವ ಹುಡುಗ ಹುಡುಗಿಯರಿಗೆ ವೀಸಾ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ದುಡ್ಡು ಮೊದಲೇ ತುಂಬಿಡುವ ಖಾತೆ) ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಟ್ರಾಮ್‌ನಲ್ಲಿ ಮೈಬಣ್ಣ ನೋಡಿ ಯಾರಾದರೂ ಬೈದರೆ, ಹೆಸರು ನೋಡಿ ಬಾಡಿಗೆಗೆ ಮನೆ ಇಲ್ಲ ಅಂದರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ಹೆದರಿಸಲು ಬರೆಯುತ್ತಿಲ್ಲ. ಅಲ್ಲಿ ಒಳ್ಳೆಯ ಜನ ಜಾಸ್ತಿ. ಆದರೆ 1993ರಲ್ಲಿ ಜೋಲಿಂಗನ್‌ನಲ್ಲಿ ಒಂದು ಟರ್ಕಿ ಮೂಲದ ಕುಟುಂಬದ ಮನೆಗೆ ಬೆಂಕಿ ಇಟ್ಟು ಐವರನ್ನು ಕೊಂದರು. 2020ರ ಫೆಬ್ರವರಿ 19ರಂದು ಹನಾವ್‌ನಲ್ಲಿ ಒಬ್ಬಾತ ವಲಸಿಗ ಮನೆತನಗಳ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಅದಕ್ಕೇ ಸಣ್ಣ ಬೈಗುಳವನ್ನೂ ಸುಮ್ನೆ ಬಿಡಬೇಡಿ.

ಮೊದಲ ಕೆಲಸ, ಅವತ್ತೇ ಬರೆದಿಡಿ. ರಾತ್ರಿ ಮಲಗುವ ಮುಂಚೆ ಮೊಬೈಲ್‌ನಲ್ಲೇ ಬರೆಯಿರಿ: ತಾರೀಖು, ಗಂಟೆ, ಟ್ರಾಮ್ ನಂಬರ್, ಯಾವ ಸ್ಟಾಪ್, ಅವನು ಆಡಿದ ಮಾತು ಜರ್ಮನ್‌ನಲ್ಲಿ ಹೇಗೆ ಕೇಳಿಸಿತೋ ಹಾಗೇ, ಪಕ್ಕದಲ್ಲಿ ಯಾರಿದ್ದರು, ಅವರ ಫೋನ್ ನಂಬರ್. ಗುಟ್ಟಾಗಿ ಆಡಿಯೋ ರೆಕಾರ್ಡ್ ಮಾತ್ರ ಮಾಡಬೇಡಿ, ಖಾಸಗಿಯಾಗಿ ಆಡಿದ ಮಾತನ್ನು ಕದ್ದು ರೆಕಾರ್ಡ್ ಮಾಡುವುದು ಅಲ್ಲಿ ಅಪರಾಧ, ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಕೆಲಸ, ಬಾಡಿಗೆ ಮನೆ, ಅಂಗಡಿ, ಜಿಮ್ ಇಂಥ ಕಡೆ ಭೇದ ಮಾಡಿದರೆ 2006ರಿಂದ ಸಮಾನ ವರ್ತನೆ ಕಾಯ್ದೆ ಇದೆ, ಎಜಿಜಿ ಅಂತ ಕರೆಯುತ್ತಾರೆ. ಪರಿಹಾರ ಕೇಳಲು ಅದು ಕೊಟ್ಟಿರುವ ಗಡುವು ಎರಡೇ ತಿಂಗಳು. ಪರೀಕ್ಷೆ ಮುಗಿಯಲಿ ಅಂತ ಕಾದರೆ ಕೈತಪ್ಪಿತು. ಮನೆ ಮಾಲೀಕರಿಗೋ ಕಂಪನಿಗೋ ಬರಹದಲ್ಲೇ ಕೇಳಿ. ಪೂರ್ತಿ ಸಾಬೀತು ಮಾಡುವ ಹೊರೆ ನಿಮ್ಮದಲ್ಲ, ಅನುಮಾನ ಹುಟ್ಟಿಸುವ ಸುಳಿವು ಕೊಟ್ಟರೆ ಸಾಕು, ಭೇದ ಮಾಡಿಲ್ಲ ಅಂತ ತೋರಿಸುವುದು ಆಮೇಲೆ ಅವರ ಪಾಲು. ಉದಾಹರಣೆಗೆ ಮನೆ ಖಾಲಿ ಇಲ್ಲ ಅಂದ ಮೇಲೆ ಜರ್ಮನ್ ಹೆಸರಿನ ಗೆಳೆಯನಿಂದ ಅದೇ ಸಂಬಳ, ಅದೇ ವಿವರ ಹಾಕಿ ಇನ್ನೊಂದು ಮೇಲ್ ಕಳಿಸಿ. ಅವನಿಗೆ ಮನೆ ನೋಡಲು ಕರೆ ಬಂತಾ? ಎರಡೂ ಮೇಲ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದೇ ಸುಳಿವು. ಮಾಲೀಕ ಅದೇ ಮನೆಯಲ್ಲಿ ವಾಸವಿದ್ದರೆ ಕೆಲವು ವಿನಾಯಿತಿ ಇವೆ ಅನ್ನುವುದೂ ನೆನಪಿರಲಿ. ದೂರು ಕೊಟ್ಟ ತಪ್ಪಿಗೆ ಕೆಲಸದಲ್ಲಿ ಕಾಟ ಕೊಡುವುದಕ್ಕೂ ಈ ಕಾಯ್ದೆ ಬಿಡುವುದಿಲ್ಲ. ಕೇಂದ್ರದ ಭೇದಭಾವ ವಿರೋಧಿ ಸಂಸ್ಥೆ ಬರ್ಲಿನ್‌ನಲ್ಲಿದೆ, ಸಲಹೆಗೆ ದುಡ್ಡು ಕೊಡಬೇಕಿಲ್ಲ.

ಬೈದರೆ, ಹೊಡೆದರೆ ದಾರಿ ಬೇರೆ. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 112. ಅವಮಾನ ಮಾಡುವುದೇ ಅಲ್ಲಿ ಅಪರಾಧ, ಆದರೆ ಶಿಕ್ಷೆ ಆಗಬೇಕು ಅಂತ ನೀವೇ ಮೂರು ತಿಂಗಳೊಳಗೆ ಪೊಲೀಸರಿಗೆ ಅರ್ಜಿ ಕೊಡಬೇಕು. ಜನಾಂಗ ದ್ವೇಷದಿಂದ ಮಾಡಿದ್ದು ಅಂತ ದೂರಿನಲ್ಲೇ ಬರೆಸಿ, ಶಿಕ್ಷೆ ಎಷ್ಟು ಅನ್ನುವಾಗ ಕೋರ್ಟ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಯ ಆಗಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.

ಸರ್ಕಾರಿ ಕಚೇರಿ, ಪೊಲೀಸರೇ ಭೇದ ಮಾಡಿದರೆ ಎಜಿಜಿ ಹೆಚ್ಚಾಗಿ ಕೆಲಸಕ್ಕೆ ಬರುವುದಿಲ್ಲ. ಬರ್ಲಿನ್ ರಾಜ್ಯ 2020ರಲ್ಲಿ ಅದಕ್ಕೇ ಬೇರೆ ಕಾಯ್ದೆ ಮಾಡಿಕೊಂಡಿದೆ. ಎಜಿಜಿ ಅಲ್ಲಿಗೆ ಮುಟ್ಟದಿರುವುದು ದೊಡ್ಡ ಕೊರತೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮನೆಯವರಿಗೆ. ಬೆಂಗಳೂರಿನಲ್ಲಿ ನಮ್ಮ ಮಾತಿನ ಧಾಟಿಗೆ ನಕ್ಕಾಗಲೂ ಸುಮ್ಮನಿದ್ದು ರೂಢಿ ನಮಗೆ, ಅಲ್ವಾ? ಮಗ ಫೋನ್ ಮಾಡಿ ಅತ್ತರೆ "ಹೋಗ್ಲಿ ಬಿಡಪಾ, ನೀ ಓದ್ಲಾಕ ಹೋಗೀದಿ" ಅನ್ನಬೇಡಿ. ಎರಡು ತಿಂಗಳ ಗಡುವು ನೆನಪಿಸಿ, ಮರುದಿನವೇ ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗು ಅನ್ನಿ.